ಬ್ಯಾಸ್ಕೆಟ್‌ಬಾಲ್ ಕೋಚಿಂಗ್ ಗೇಮ್‌ನಲ್ಲಿ ಯಾವ ಝೋನ್ ಹಾಕಬೇಕು? ಮೊದಲು ಎದುರಾಳಿಯ ಬಾಕ್ಸ್ ಸ್ಕೋರ್ ಓದಿ

"ಟೂ-ತ್ರೀ ಹಾಕ್ಲಾ, ತ್ರೀ-ಟೂ ಹಾಕ್ಲಾ?" ತಿಪಟೂರು, ಕುಣಿಗಲ್, ಕ್ಯಾತ್ಸಂದ್ರ, ಎಲ್ಲ ಕಡೆಯಿಂದಲೂ ಇದೇ ಪ್ರಶ್ನೆ ಬರುತ್ತಿದೆ. ಎರಡೂ ಝೋನ್ ಡಿಫೆನ್ಸ್, ಅಂದರೆ ಆಳಿನ ಬದಲು ಜಾಗ ಕಾಯುವ ರೀತಿಗಳು. ತುಮಕೂರಿನ ಎಂಜಿನಿಯರಿಂಗ್ ಕಾಲೇಜಿನ ಹುಡುಗರಂತೂ ಮ್ಯಾಚ್‌ಗೆ ಇನ್ನು ಅರ್ಧ ಗಂಟೆ ಇದೆ ಅನ್ನುವಾಗ ಕೇಳುತ್ತಾರೆ. ಒಬ್ಬೊಬ್ಬರಿಗೂ ಬಿಡಿ ಉತ್ತರ ಕೊಡುವ ಬದಲು ಪೂರ್ತಿ ವಿಧಾನವನ್ನೇ ಇಲ್ಲಿ ಬರೆದಿದ್ದೇನೆ.

ಎದುರಾಳಿ ಯಾರು ಅಂತ ನೋಡದೆ ಈ ಪ್ರಶ್ನೆಗೆ ಉತ್ತರ ಹೇಳಲು ಆಗುವುದಿಲ್ಲ. ಐದು ಜನ ಸೇರಿ ಅರ್ಧ ಕೋರ್ಟ್ ಪೂರ್ತಿ ಕಾಯಲಾರರು. ಯಾವ ಝೋನ್ ಹಾಕಿದರೂ ಎಲ್ಲೋ ಒಂದು ಕಡೆ ಜಾಗ ಖಾಲಿ ಬೀಳುತ್ತದೆ. ಆ ಖಾಲಿ ಜಾಗದಿಂದ ಶಾಟ್ ಹೊಡೆದು ಗೆಲ್ಲುವ ತಾಕತ್ತು ಎದುರಾಳಿಗೆ ಇದೆಯಾ ಇಲ್ಲವಾ, ನೋಡಬೇಕಾದ್ದು ಅದನ್ನು. ಅಂದರೆ ನೀವು ಆರಿಸುತ್ತಿರುವುದು ಅವರಿಗೆ ಯಾವ ಶಾಟ್ ಬಿಟ್ಟುಕೊಡಬೇಕು ಅನ್ನುವುದನ್ನು.

ಬಝರ್‌ಬೀಟರ್‌ನಂತಹ ಬ್ರೌಸರ್ ಗೇಮ್ ಆಡುತ್ತಿದ್ದರೂ, ಎನ್‌ಬಿಎ ಟೂಕೆಯಲ್ಲಿ ಕೋಚ್ ಸೆಟ್ಟಿಂಗ್ ಬದಲಿಸುತ್ತಿದ್ದರೂ ಈ ಕ್ರಮ ಅನ್ವಯಿಸುತ್ತದೆ. ಬಟನ್‌ಗಳ ಹೆಸರು ಅಷ್ಟಿಷ್ಟು ಬೇರೆ ಇರಬಹುದು.

ಮೊದಲು ಒಂದಷ್ಟು ಪದ

ಮ್ಯಾನ್ ಟು ಮ್ಯಾನ್ ಅಂದರೆ ನಿಮ್ಮ ಪ್ರತಿ ಆಟಗಾರನೂ ಎದುರಾಳಿಯ ಒಬ್ಬನನ್ನು ಹಿಡಿದು, ಅವನು ಹೋದಲ್ಲೆಲ್ಲ ಹೋಗುವುದು. ಝೋನ್‌ನಲ್ಲಿ ಪ್ರತಿಯೊಬ್ಬನೂ ಕಾಯುವುದು ಒಂದು ಜಾಗವನ್ನು. ಕಬಡ್ಡಿಯಲ್ಲಿ ಲೆಫ್ಟ್ ಕಾರ್ನರ್, ರೈಟ್ ಕಾರ್ನರ್, ಕವರ್ ಅಂತ ತಮ್ಮ ತಮ್ಮ ಜಾಗ ಹಿಡಿದು ನಿಂತಿರುತ್ತಾರಲ್ಲ, ಹಾಗೆ. ರೈಡರ್ ಯಾರೇ ಬರಲಿ, ಆ ಜಾಗಕ್ಕೆ ಬಂದವನು ಆ ಜಾಗದವನ ಪಾಲು.

2-3, 3-2 ಅನ್ನುವ ಅಂಕಿಗಳನ್ನು ಮಧ್ಯದ ಗೆರೆಯಿಂದ ನಿಮ್ಮ ರಿಂಗ್ ಕಡೆಗೆ ಓದಬೇಕು. 2-3ರಲ್ಲಿ ಇಬ್ಬರು ಮುಂದೆ, ಮೂವರು ರಿಂಗ್ ಹತ್ತಿರ. 3-2ರಲ್ಲಿ ಮೂವರು ಮುಂದೆ, ಇಬ್ಬರು ಹಿಂದೆ. ತುಂಬ ಜನ ಇದನ್ನು ಉಲ್ಟಾ ಓದಿಕೊಂಡು, ಒಳಗೆ ಮೂವರು ಇದ್ದಾರೆ ಅಂತ 3-2 ಹಾಕಿಬಿಡುತ್ತಾರೆ.

ರಿಂಗ್ ಕೆಳಗೆ ಬಣ್ಣ ಬಳಿದ ಆಯತ ಪೇಂಟ್. ಫ್ರೀ ಥ್ರೋ (ಫೌಲ್‌ಗೆ ಸಿಗುವ, ಯಾರೂ ತಡೆಯದ ಒಂದಂಕದ ಶಾಟ್) ಗೆರೆಯ ಆಸುಪಾಸು ಹೈ ಪೋಸ್ಟ್. ತ್ರೀ ಪಾಯಿಂಟ್ ಗೆರೆ ಕೋರ್ಟಿನ ಕೊನೆಗೆರೆಯನ್ನು ಮುಟ್ಟುವ ಎರಡು ಮೂಲೆ ಕಾರ್ನರ್. ಕಾರ್ನರ್‌ಗಿಂತ ಮೇಲೆ, ಎರಡೂ ಪಕ್ಕದ ಜಾಗ ವಿಂಗ್. ಐವರಲ್ಲಿ ಚೆಂಡು ತಂದು ಹೊರಗೆ ಆಡುವ ಇಬ್ಬರು ಗಾರ್ಡ್, ಪಕ್ಕಗಳಲ್ಲಿ ಆಡುವ ಇಬ್ಬರು ಫಾರ್ವರ್ಡ್ (ಒಬ್ಬ ಸ್ಮಾಲ್, ಅವನಿಗಿಂತ ಗಟ್ಟಿಮುಟ್ಟಾದವನು ಪವರ್), ರಿಂಗ್ ಹತ್ತಿರ ಆಡುವ ಎತ್ತರದವನು ಸೆಂಟರ್. ಇಷ್ಟು ಸಾಕು.

ಕೈಯಲ್ಲಿ ಇರಬೇಕಾದ್ದು ಮೂರು: ಎದುರಾಳಿಯ ಕಳೆದ ಐದಾರು ಮ್ಯಾಚ್‌ಗಳ ಬಾಕ್ಸ್ ಸ್ಕೋರ್, ನಿಮ್ಮ ಆಟಗಾರರ ಸ್ಕಿಲ್ ಪುಟ, ಒಂದು ಹಾಳೆ. ಬಾಕ್ಸ್ ಸ್ಕೋರ್ ಅಂದರೆ ಮ್ಯಾಚ್ ಮುಗಿದ ಮೇಲೆ ಬರುವ ಅಂಕಿಅಂಶದ ಪಟ್ಟಿ.

1. ಗೇಮ್ ಯಾರ ನಿಯಮದಲ್ಲಿ ನಡೆಯುತ್ತದೆ ನೋಡಿ

ಹೆಲ್ಪ್ ಪುಟ ತೆಗೆದು ಇದೊಂದನ್ನು ಮೊದಲು ಖಚಿತ ಮಾಡಿಕೊಳ್ಳಿ. ನಮ್ಮ ಕಾಲೇಜು ಮ್ಯಾಚ್‌ಗಳಲ್ಲಿ ನೀವು ನೋಡುವುದು ಫೀಬಾ ನಿಯಮ, ಅಂದರೆ ಅಂತರರಾಷ್ಟ್ರೀಯ ಫೆಡರೇಶನ್ ನಿಯಮ. ಅದರಲ್ಲಿ ತ್ರೀ ಪಾಯಿಂಟ್ ಗೆರೆ 6.75 ಮೀಟರ್ ದೂರ, ಆಟಗಾರನಿಗೆ 5 ಫೌಲ್, ಶಾಟ್ ಹೊಡೆಯಲು 24 ಸೆಕೆಂಡ್. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯಲ್ಲಿ ಗೆರೆ 7.24 ಮೀಟರ್ ದೂರ, ಕಾರ್ನರ್‌ನಲ್ಲಿ ಮಾತ್ರ 6.71, ಫೌಲ್ 6. ಎನ್‌ಬಿಎ ನಿಯಮದ ಗೇಮ್‌ನಲ್ಲಿ ಕಾರ್ನರ್‌ನಿಂದ ಹೊಡೆಯುವವನಿಗೆ ಅರ್ಧ ಮೀಟರ್‌ಗಿಂತ ಜಾಸ್ತಿ ಲಾಭ. ಕಾರ್ನರ್ ಖಾಲಿ ಬಿಡುವ ಝೋನ್ ಅಲ್ಲಿ ಹೆಚ್ಚು ದುಬಾರಿ.

ಇನ್ನೊಂದು ವ್ಯತ್ಯಾಸ ಇದಕ್ಕಿಂತ ದೊಡ್ಡದು. ಎನ್‌ಬಿಎ ಝೋನ್‌ಗೆ ಅವಕಾಶ ಕೊಟ್ಟಿದ್ದು 2001-02ರ ಸೀಸನ್‌ನಿಂದ. ಕೊಡುವಾಗಲೇ ಒಂದು ಕಟ್ಟು ಹಾಕಿತು: ಯಾರನ್ನೂ ಹತ್ತಿರದಿಂದ ಕಾಯದೆ ಸುಮ್ನೆ ಪೇಂಟ್‌ನಲ್ಲಿ 3 ಸೆಕೆಂಡ್‌ಗಿಂತ ಜಾಸ್ತಿ ನಿಲ್ಲುವಂತಿಲ್ಲ. ನಿಂತರೆ ಎದುರಾಳಿಗೆ ಒಂದು ಫ್ರೀ ಥ್ರೋ ಸಿಗುತ್ತದೆ, ಚೆಂಡೂ ಅವರ ಬಳಿಯೇ ಉಳಿಯುತ್ತದೆ. ಫೀಬಾದಲ್ಲಿ ಈ ಕಟ್ಟು ಇಲ್ಲ, ಸೆಂಟರ್ ರಿಂಗ್ ಕೆಳಗೆ ಆರಾಮಾಗಿ ನಿಲ್ಲಬಹುದು. ಹಾಗಾಗಿ 2-3ಕ್ಕೆ ಫೀಬಾ ನಿಯಮದ ಗೇಮ್‌ನಲ್ಲಿ ಬೆಲೆ ಜಾಸ್ತಿ.

ಸಮಯವನ್ನೂ ಇದೇ ಹಂತದಲ್ಲಿ ನೋಡಿಕೊಳ್ಳಿ. ಆನ್‌ಲೈನ್ ಗೇಮ್‌ಗಳಲ್ಲಿ ಮ್ಯಾಚ್‌ಗೆ ಮುಂಚೆ ಒಂದು ಹೊತ್ತಿಗೆ ಆರ್ಡರ್ (ನೀವು ಹಾಕಿದ ಲೈನಪ್, ಡಿಫೆನ್ಸ್) ಲಾಕ್ ಆಗುತ್ತದೆ. ಸರ್ವರ್ ಯುರೋಪಿನ ಸಂಜೆಗೆ ಮ್ಯಾಚ್ ಇಟ್ಟರೆ ನಮಗದು ಮಧ್ಯರಾತ್ರಿ. ದಿನಾ ಬೆಂಗಳೂರಿಗೆ ಟ್ರೈನ್‌ನಲ್ಲಿ ಓಡಾಡುವವರು ವಾಪಸ್ ಬರುವಾಗ ಲೈನಪ್ ಹಾಕೋಣ ಅಂದುಕೊಂಡಿರುತ್ತೀರಿ. ದಾರಿಯಲ್ಲಿ ಸಿಗ್ನಲ್ ಕೈಕೊಟ್ಟರೆ ಹಳೇ ಆರ್ಡರ್‌ನಲ್ಲೇ ಮ್ಯಾಚ್ ನಡೆದುಹೋಗುತ್ತದೆ. ಹಿಂದಿನ ದಿನವೇ ಹಾಕಿಡಿ.

2. ಎದುರಾಳಿಗೆ ಅಂಕ ಎಲ್ಲಿಂದ ಬರುತ್ತದೆ, ಲೆಕ್ಕ ಹಾಕಿ

ಅರ್ಧಕ್ಕರ್ಧ ಕೆಲಸ ಈ ಹಂತದಲ್ಲೇ ಇದೆ. ಬೇರೆಲ್ಲ ಬಿಟ್ಟರೂ ಪರವಾಗಿಲ್ಲ, ಇದನ್ನು ಬಿಡಬೇಡಿ.

ಬಾಕ್ಸ್ ಸ್ಕೋರ್‌ನಲ್ಲಿ ಎಫ್‌ಜಿ ಅಂತ ಒಂದು ಕಾಲಂ ಇರುತ್ತದೆ: ಫೀಲ್ಡ್ ಗೋಲ್, ಅಂದರೆ ಫ್ರೀ ಥ್ರೋ ಬಿಟ್ಟು ಉಳಿದ ಎಲ್ಲ ಶಾಟ್. 30-72 ಅಂತ ಇದ್ದರೆ 72 ಹೊಡೆದು 30 ಬುಟ್ಟಿಗೆ ಬಿದ್ದಿವೆ. ಪಕ್ಕದಲ್ಲಿ ತ್ರೀಪಿ ಕಾಲಂ, ಅದು ತ್ರೀ ಪಾಯಿಂಟರ್‌ಗಳದ್ದು. ಎಡವುವುದು ಇಲ್ಲೇ: ಎಫ್‌ಜಿಯಲ್ಲಿ ತ್ರೀ ಪಾಯಿಂಟರ್‌ಗಳೂ ಸೇರಿರುತ್ತವೆ. ಎರಡು ಅಂಕದ ಶಾಟ್ ಎಷ್ಟು ಅಂತ ಬೇಕಿದ್ದರೆ ಎಫ್‌ಜಿಯಿಂದ ತ್ರೀಪಿಯನ್ನು ಕಳೆಯಬೇಕು.

ಒಂದು ಉದಾಹರಣೆ ಮಾಡಿ ನೋಡೋಣ. ಇವು ಲೆಕ್ಕಕ್ಕೆ ಅಂತ ನಾನೇ ಹಾಕಿಕೊಂಡ ಅಂಕಿಗಳು.

ಮೊದಲ ತಂಡ: ಎಫ್‌ಜಿ 30-72, ತ್ರೀಪಿ 5-21, ಫ್ರೀ ಥ್ರೋ 14-20. ಒಟ್ಟು 79 ಅಂಕ.
ಎರಡನೇ ತಂಡ: ಎಫ್‌ಜಿ 29-70, ತ್ರೀಪಿ 12-30, ಫ್ರೀ ಥ್ರೋ 8-11. ಒಟ್ಟು 78 ಅಂಕ.

ಒಟ್ಟು ಅಂಕ ನೋಡಿದರೆ ಎರಡೂ ತಂಡ ಒಂದೇ ಥರ ಕಾಣುತ್ತವೆ ಅಲ್ವಾ? ಈಗ ಕಳೆಯಿರಿ. ಮೊದಲ ತಂಡದ ಎರಡಂಕದ ಶಾಟ್ 51, ಬಿದ್ದಿದ್ದು 25. ಶೇ 49. ಅಂದರೆ ಒಂದು ಶಾಟ್‌ಗೆ ಸರಾಸರಿ 0.98 ಅಂಕ. ತ್ರೀ ಪಾಯಿಂಟರ್ 21ಕ್ಕೆ 5, ಒಂದು ಶಾಟ್‌ಗೆ ಬರೀ 0.71 ಅಂಕ. ಈ ತಂಡ ಹೊರಗಿನಿಂದ ಎಷ್ಟು ಹೊಡೆದರೂ ನಿಮಗೆ ಲಾಭವೇ.

ಎರಡನೇ ತಂಡದ ಎರಡಂಕದ ಶಾಟ್ 40ಕ್ಕೆ 17, ಒಂದು ಶಾಟ್‌ಗೆ 0.85. ತ್ರೀ ಪಾಯಿಂಟರ್ 30ಕ್ಕೆ 12, ಒಂದು ಶಾಟ್‌ಗೆ 1.2 ಅಂಕ. ಈ ತಂಡಕ್ಕೆ ಹೊರಗೆ ಜಾಗ ಬಿಟ್ಟರೆ ಮುಗಿಯಿತು. ಮೊದಲ ತಂಡದ ಎದುರು ಸರಿಯಾದ ಝೋನ್ ಎರಡನೇ ತಂಡದ ಎದುರು ಹಾಕಿದರೆ ಸೋಲು ಕಟ್ಟಿಟ್ಟ ಬುತ್ತಿ.

ಈ ಲೆಕ್ಕವನ್ನು ಐದಾರು ಮ್ಯಾಚ್ ಕೂಡಿಸಿ ಮಾಡಿ. ಒಂದೇ ಮ್ಯಾಚ್ ನೋಡಿ ನಂಬಬೇಡಿ, 30ಕ್ಕೆ 12 ಅನ್ನುವುದು ಯಾವ ತಂಡಕ್ಕಾದರೂ ಒಂದು ದಿನ ಒದಗಿ ಬರುತ್ತದೆ. ಆ ಮ್ಯಾಚ್‌ಗಳಲ್ಲಿ ಅವರ ಎದುರು ಯಾವ ಡಿಫೆನ್ಸ್ ಇತ್ತು ಅನ್ನುವುದನ್ನೂ ನೋಡಿ. ಎಲ್ಲರೂ 2-3 ಹಾಕಿದ್ದರೆ ಅವರ ತ್ರೀ ಪಾಯಿಂಟರ್ ಸಂಖ್ಯೆ ಸಹಜವಾಗಿಯೇ ಉಬ್ಬಿರುತ್ತದೆ.

ಇನ್ನು ಮೂರು ಕಾಲಂ ಬೇಗ ನೋಡಿಬಿಡಿ. ಓಆರ್ ಅಂದರೆ ಆಫೆನ್ಸಿವ್ ರಿಬೌಂಡ್: ತಾವೇ ಹೊಡೆದು ತಪ್ಪಿದ ಚೆಂಡನ್ನು ತಾವೇ ಮತ್ತೆ ಹಿಡಿಯುವುದು. ತಪ್ಪಿದ ಮೂರು ಶಾಟ್‌ನಲ್ಲಿ ಒಂದಕ್ಕಿಂತ ಜಾಸ್ತಿ ಅವರ ಕೈಗೇ ಸಿಗುತ್ತಿದ್ದರೆ ಝೋನ್ ಹಾಕುವ ಮುಂಚೆ ಎರಡು ಸಲ ಯೋಚಿಸಿ. ಟಿಓ ಅಂದರೆ ಟರ್ನೋವರ್, ಚೆಂಡು ಕಳೆದುಕೊಂಡ ಲೆಕ್ಕ. ಇದು ಮುಂದೆ ಬರುವ 1-3-1 ಝೋನ್‌ಗೆ ಬೇಕು. ಮೂರನೆಯದು ಫ್ರೀ ಥ್ರೋ. ಶೇ 70 ಹಾಕುವವನಿಗೆ ಎರಡು ಫ್ರೀ ಥ್ರೋ ಕೊಟ್ಟರೆ ಸರಾಸರಿ 1.4 ಅಂಕ ಕೊಟ್ಟಂತೆ. ಯಾವ ಮಾಮೂಲಿ ಶಾಟ್‌ಗಿಂತಲೂ ಇದು ಜಾಸ್ತಿ. ಪ್ರತಿ ಮ್ಯಾಚ್‌ನಲ್ಲಿ ನುಗ್ಗಿ ನುಗ್ಗಿ ಫೌಲ್ ಗಿಟ್ಟಿಸುವ ತಂಡವಾದರೆ ಝೋನ್ ಹಾಕಲು ಅದೇ ಒಂದು ಒಳ್ಳೆಯ ಕಾರಣ, ಏಕೆಂದರೆ ಝೋನ್‌ನಲ್ಲಿ ಸಾಮಾನ್ಯವಾಗಿ ಫೌಲ್ ಕಡಿಮೆ.

3. ನಿಮ್ಮ ಐವರನ್ನು ನೋಡಿ, ಅದರಲ್ಲೂ ಸ್ಮಾಲ್ ಫಾರ್ವರ್ಡ್‌ನನ್ನು

ಎದುರಾಳಿಯನ್ನು ಓದಿದ ಮೇಲೆ ನಿಮ್ಮ ತಂಡದ ಸರದಿ. ಈ ಕ್ರಮ ತಿರುಗುಮುರುಗು ಮಾಡಬೇಡಿ. ತಮ್ಮ ತಂಡಕ್ಕೆ ಒಪ್ಪುವ ಝೋನ್ ಮೊದಲೇ ಮನಸ್ಸಿನಲ್ಲಿ ಇಟ್ಟುಕೊಂಡವರು ಎದುರಾಳಿಯ ಅಂಕಿಯನ್ನು ಅದಕ್ಕೆ ಹೊಂದುವ ಹಾಗೆ ಓದಿಕೊಳ್ಳುತ್ತಾರೆ.

2-3ರಲ್ಲಿ ಎರಡು ಗಾರ್ಡ್ ಮುಂದೆ, ಸೆಂಟರ್ ಮಧ್ಯದಲ್ಲಿ, ಎರಡು ಫಾರ್ವರ್ಡ್ ಅವನ ಅಕ್ಕಪಕ್ಕ. 3-2ರಲ್ಲಿ ಎರಡು ಗಾರ್ಡ್ ಜೊತೆ ಸ್ಮಾಲ್ ಫಾರ್ವರ್ಡ್ ಮುಂದೆ ಬರುತ್ತಾನೆ. ಪವರ್ ಫಾರ್ವರ್ಡ್ ಮತ್ತು ಸೆಂಟರ್ ಹಿಂದೆ ಉಳಿಯುತ್ತಾರೆ. ಗಮನಿಸಿದಿರಾ? ಎರಡು ಝೋನ್ ನಡುವೆ ನಾಲ್ವರ ಕೆಲಸ ಹೆಚ್ಚು ಕಡಿಮೆ ಅದೇ. ಪೂರ್ತಿ ಬದಲಾಗುವುದು ಸ್ಮಾಲ್ ಫಾರ್ವರ್ಡ್ ಕೆಲಸ. 2-3ರಲ್ಲಿ ಅವನು ಒಳಗಿನ ಆಳು: ಎತ್ತರ, ರಿಬೌಂಡ್, ಒಳಗಿನ ಡಿಫೆನ್ಸ್ ಬೇಕು. 3-2ರಲ್ಲಿ ಹೊರಗಿನ ಆಳು: ವೇಗ ಮತ್ತು ಹೊರಗಿನ ಡಿಫೆನ್ಸ್ ಬೇಕು.

ಗಾರ್ಡ್ ಥರ ಓಡುವ, ಆದರೆ ರಿಬೌಂಡ್ ಬಾರದ ಹುಡುಗನನ್ನು ಆ ಜಾಗಕ್ಕೆ ಹಾಕಿ 2-3 ಆಡಿಸಿದರೆ, ಹೆಸರಿಗೆ ಮಾತ್ರ ಒಳಗೆ ಮೂವರು. ಝೋನ್ ಸರಿ ಇಲ್ಲ ಅಂತ ಬಂದ ದೂರುಗಳಲ್ಲಿ ನಾನು ಅತಿ ಹೆಚ್ಚು ಕಂಡಿದ್ದು ಇದನ್ನೇ. ಎರಡು ಥರದ ಸ್ಮಾಲ್ ಫಾರ್ವರ್ಡ್ ತಂಡದಲ್ಲಿ ಇಟ್ಟುಕೊಂಡರೆ ಎರಡೂ ಝೋನ್ ನಿಮ್ಮ ಕೈಯಲ್ಲಿರುತ್ತವೆ. ಟ್ರಾನ್ಸ್‌ಫರ್‌ಗೆ ದುಡ್ಡು ಹಾಕುವುದಾದರೆ ಇನ್ನೊಬ್ಬ ಸ್ಟಾರ್ ಗಾರ್ಡ್‌ಗಿಂತ ಇಲ್ಲಿ ಹಾಕಿ ಅನ್ನುತ್ತೇನೆ.

4. ಈಗ ಝೋನ್ ಆರಿಸಿ

*2-3.* ರಿಂಗ್ ಹತ್ತಿರವೇ ಅಂಕ ಗಳಿಸುವ, ಹೊರಗಿನಿಂದ ಸರಿಯಾಗಿ ಹೊಡೆಯಲು ಬಾರದ ತಂಡದ ಎದುರು ಹಾಕಿ. ಮೇಲಿನ ಲೆಕ್ಕದ ಮೊದಲ ತಂಡಕ್ಕೆ ಇದೇ ಮದ್ದು. ಖಾಲಿ ಬೀಳುವುದು ಎರಡು ವಿಂಗ್ ಮತ್ತು ಹೈ ಪೋಸ್ಟ್. ಹೈ ಪೋಸ್ಟ್‌ನಲ್ಲಿ ನಿಂತು ಚೆಂಡು ಹಿಡಿದು ಪಾಸ್ ಕೊಡಬಲ್ಲ ದೊಡ್ಡ ಆಟಗಾರ ಎದುರಾಳಿಯಲ್ಲಿದ್ದರೆ ಎಚ್ಚರ. ಅವನ ಹತ್ತಿರ ನಿಮ್ಮ ಸೆಂಟರ್ ಬಂದರೆ ರಿಂಗ್ ಖಾಲಿ, ಬರದಿದ್ದರೆ ಅವನೇ ಹೊಡೆಯುತ್ತಾನೆ.

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ 2-3 ಅಂದರೆ ಸಿರಾಕ್ಯೂಸ್ ನೆನಪಾಗುತ್ತದೆ. ಕೋಚ್ ಜಿಮ್ ಬೋಹೈಮ್ 1976ರಿಂದ 2023ರವರೆಗೆ ಆ ತಂಡ ನಡೆಸಿದರು. 2003ರ ಫೈನಲ್‌ನಲ್ಲಿ ಕಾನ್ಸಾಸ್ ಎದುರು 81-78ರಿಂದ ಗೆದ್ದರು. ಕೊನೇ ಕ್ಷಣದಲ್ಲಿ ಕಾನ್ಸಾಸ್ ಆಟಗಾರ ಕಾರ್ನರ್‌ನಿಂದ ಸಮ ಮಾಡುವ ತ್ರೀ ಪಾಯಿಂಟರ್ ಎತ್ತಿದಾಗ, ಒಳಗಿದ್ದ ಫಾರ್ವರ್ಡ್ ಹಕೀಂ ವಾರಿಕ್ ಓಡಿ ಬಂದು ಆ ಚೆಂಡನ್ನು ತಟ್ಟಿ ಹಾಕಿದ. 2-3ರಲ್ಲಿ ಅಕ್ಕಪಕ್ಕದ ಫಾರ್ವರ್ಡ್‌ಗಳಿಂದ ನಿಮಗೆ ಬೇಕಾದ್ದು ಇದೇ: ಪೇಂಟ್‌ನಿಂದ ಕಾರ್ನರ್‌ವರೆಗೆ ಓಡಿ ಶಾಟ್‌ಗೆ ಕೈ ಚಾಚುವ ಸಾಮರ್ಥ್ಯ. ಗೇಮ್‌ನ ಸ್ಕಿಲ್ ಪುಟದಲ್ಲಿ ಶಾಟ್ ಬ್ಲಾಕಿಂಗ್ ಮತ್ತು ಎತ್ತರ ನೋಡಿ.

*3-2.* ಹೊರಗಿನಿಂದ ಅಂಕ ದೋಚುವ ತಂಡದ ಎದುರು. ಎರಡನೇ ಉದಾಹರಣೆಯ ತಂಡ ನೆನಪಿಸಿಕೊಳ್ಳಿ. ಖಾಲಿ ಬೀಳುವುದು ರಿಂಗ್ ಕೆಳಗೆ ಮತ್ತು ಕಾರ್ನರ್‌ಗಳಲ್ಲಿ. ಒಳಗೆ ಇಬ್ಬರೇ ಇರುವುದರಿಂದ ಅವರಿಬ್ಬರೂ ಗಟ್ಟಿಯಾಗಿರಬೇಕು. ನಿಮ್ಮ ಸೆಂಟರ್ ದುರ್ಬಲ, ಎದುರಾಳಿಯ ಸೆಂಟರ್ ಸಾಧಾರಣ ಅನ್ನುವ ಸಂದರ್ಭದಲ್ಲೂ ನಾನು 3-2 ಹಾಕಲು ಹೇಳುವುದಿಲ್ಲ. ಸಾಧಾರಣ ಸೆಂಟರ್ ಕೂಡ ಆ ಜಾಗದಲ್ಲಿ ದೊಡ್ಡವನಾಗಿಬಿಡುತ್ತಾನೆ.

*1-3-1.* ಚೆಂಡು ಕಸಿಯುವ ಝೋನ್. ಉದ್ದ ಕೈಗಳು ಪಾಸ್ ಹೋಗುವ ದಾರಿಯಲ್ಲಿ ಅಡ್ಡ ನಿಲ್ಲುತ್ತವೆ. ಎದುರಾಳಿಯ ಟರ್ನೋವರ್ ಜಾಸ್ತಿ ಇದ್ದು, ಅವರ ಗಾರ್ಡ್‌ಗಳಿಗೆ ಪಾಸಿಂಗ್ ಮತ್ತು ಹ್ಯಾಂಡ್ಲಿಂಗ್ ಕಡಿಮೆ ಇದ್ದರೆ ಮಾತ್ರ ಹಾಕಿ. ಹಿಂದೆ ಒಬ್ಬನೇ ಇರುತ್ತಾನೆ, ಅವನು ಒಂದು ಕಾರ್ನರ್‌ನಿಂದ ಇನ್ನೊಂದು ಕಾರ್ನರ್‌ಗೆ ಓಡಬೇಕು. ಫೀಬಾ ಕೋರ್ಟ್‌ನ ಅಗಲ 15 ಮೀಟರ್, ಇಡೀ ಮ್ಯಾಚ್ ಅಷ್ಟು ದೂರ ಓಡುವವನ ದಮ್ಮು ನೋಡಿಕೊಳ್ಳಿ. ಒಳ್ಳೆಯ ಪಾಸಿಂಗ್ ತಂಡ ಇದನ್ನು ಚಿಂದಿ ಮಾಡುತ್ತದೆ. ರಿಬೌಂಡ್ ಕೂಡ ಬಿಟ್ಟುಹೋಗುತ್ತದೆ.

*ಬಾಕ್ಸ್ ಅಂಡ್ ಒನ್.* ನಾಲ್ವರು ಚೌಕದಲ್ಲಿ ನಿಂತು ಝೋನ್ ಕಾಯುತ್ತಾರೆ, ಐದನೆಯವನು ಎದುರಾಳಿಯ ಸ್ಟಾರ್ ಬೆನ್ನು ಬಿಡುವುದಿಲ್ಲ. ಒಬ್ಬನೇ ಇಡೀ ತಂಡದ ಅಂಕ ಹೊರುತ್ತಿದ್ದರೆ ಇದು ಕೆಲಸ ಮಾಡುತ್ತದೆ. 2019ರ ಎನ್‌ಬಿಎ ಫೈನಲ್ಸ್‌ನ ಎರಡನೇ ಮ್ಯಾಚ್‌ನಲ್ಲಿ ಟೊರೊಂಟೊ ಕೋಚ್ ನಿಕ್ ನರ್ಸ್ ಎದುರಾಳಿ ಗೋಲ್ಡನ್ ಸ್ಟೇಟ್‌ನ ಸ್ಟೆಫನ್ ಕರ್ರಿ ಮೇಲೆ ಇದನ್ನು ಹಾಕಿದರು. ಅದೇ ತಂಡದ ಕೆವಿನ್ ಡ್ಯುರಾಂಟ್ ಗಾಯದಿಂದ ಆಡುತ್ತಿರಲಿಲ್ಲ, ಕ್ಲೇ ಥಾಂಪ್ಸನ್ ಮ್ಯಾಚ್ ಮಧ್ಯೆ ಗಾಯಗೊಂಡು ಹೊರಗೆ ಹೋಗಿದ್ದ. ಉಳಿದ ದೊಡ್ಡ ಶೂಟರ್ ಕರ್ರಿ ಒಬ್ಬನೇ. ಕೊನೇ ಕ್ವಾರ್ಟರ್‌ನಲ್ಲಿ ಗೋಲ್ಡನ್ ಸ್ಟೇಟ್ ಬಹಳ ಹೊತ್ತು ಅಂಕವೇ ಕಾಣಲಿಲ್ಲ. ಆದರೂ 109-104ರಿಂದ ಗೆದ್ದಿದ್ದು ಅವರೇ. ಕೊನೆಯಲ್ಲಿ ಖಾಲಿ ಬಿಟ್ಟಿದ್ದ ಆಂಡ್ರೆ ಇಗುಡಾಲಾ ತ್ರೀ ಪಾಯಿಂಟರ್ ಹಾಕಿಬಿಟ್ಟ. ಹಾಗಾಗಿ ಈ ಡಿಫೆನ್ಸ್ ಹಾಕುವ ಮುಂಚೆ ಸ್ಟಾರ್‌ನ ಸ್ಕಿಲ್‌ಗಿಂತ ಹೆಚ್ಚಾಗಿ ಉಳಿದ ನಾಲ್ವರ ಶೂಟಿಂಗ್ ನೋಡಿ. ಕೆಲವು ಗೇಮ್‌ಗಳಲ್ಲಿ ಇದರಲ್ಲೇ ಇನ್‌ಸೈಡ್, ಔಟ್‌ಸೈಡ್ ಅಂತ ಎರಡು ಬಗೆ ಇವೆ. ಆ ಸ್ಟಾರ್ ಎಲ್ಲಿಂದ ಅಂಕ ಗಳಿಸುತ್ತಾನೋ ನೋಡಿ ಆರಿಸಿ.

*ಯಾವ ಝೋನೂ ಬೇಡ.* ಎದುರಾಳಿ ಒಳಗೂ ಹೊರಗೂ ಚೆನ್ನಾಗಿ ಹೊಡೆಯುತ್ತಿದ್ದರೆ, ಪಾಸಿಂಗ್ ಚೆನ್ನಾಗಿದ್ದರೆ, ಆಫೆನ್ಸಿವ್ ರಿಬೌಂಡ್‌ನಲ್ಲಿ ಜೋರಿದ್ದರೆ ಮ್ಯಾನ್ ಟು ಮ್ಯಾನ್‌ನಲ್ಲೇ ಇರಿ. ನಿಮ್ಮ ಐವರೂ ಅವರವರ ಎದುರಾಳಿಗಿಂತ ಉತ್ತಮ ಡಿಫೆಂಡರ್‌ಗಳಾಗಿದ್ದರೂ ಅಷ್ಟೇ.

5. ರಿಬೌಂಡ್‌ಗೆ ಮುಂಚೆಯೇ ವ್ಯವಸ್ಥೆ ಮಾಡಿ

ಮ್ಯಾನ್ ಟು ಮ್ಯಾನ್‌ನಲ್ಲಿ ಶಾಟ್ ಎದ್ದ ತಕ್ಷಣ ನಿಮ್ಮ ಹುಡುಗ ತನ್ನ ಎದುರಾಳಿಗೆ ಬೆನ್ನು ಕೊಟ್ಟು ತಡೆಯುತ್ತಾನೆ. ಇದಕ್ಕೆ ಬಾಕ್ಸ್ ಔಟ್ ಅನ್ನುತ್ತಾರೆ. ಝೋನ್‌ನಲ್ಲಿ ಯಾರನ್ನು ತಡೆಯಬೇಕು ಅನ್ನುವುದು ಗೊತ್ತಿರುವುದಿಲ್ಲ. ಹಾಗಾಗಿ ಒಳ್ಳೆಯ ಗೇಮ್‌ಗಳು ಝೋನ್‌ಗೆ ರಿಬೌಂಡ್‌ನಲ್ಲಿ ಕಡಿತ ಹಾಕುತ್ತವೆ. ಆಫೆನ್ಸಿವ್ ರಿಬೌಂಡ್ ಆದರೆ ಫೀಬಾದಲ್ಲಿ ಎದುರಾಳಿಗೆ ಇನ್ನೂ 14 ಸೆಕೆಂಡ್ ಸಿಗುತ್ತದೆ. ನೀವು ಕಷ್ಟಪಟ್ಟು ತಪ್ಪಿಸಿದ ಶಾಟ್ ಮತ್ತೆ ಮೊದಲಿನಿಂದ.

ಅದಕ್ಕೆ ಝೋನ್ ಹಾಕಿದ ದಿನ ಐವರಲ್ಲಿ ಕನಿಷ್ಠ ಮೂವರಿಗೆ ರಿಬೌಂಡಿಂಗ್ ಸ್ಕಿಲ್ ಇರಲಿ. ಗಾರ್ಡ್‌ಗಳಲ್ಲಿ ಒಬ್ಬ ಎತ್ತರದವನಾಗಿದ್ದರೆ ಇನ್ನೂ ಒಳ್ಳೆಯದು. ಬೆಂಚ್‌ನಿಂದ ಬರುವವರನ್ನೂ ನೋಡಿ. ಮೊದಲ ಐವರನ್ನು ಅಳೆದು ತೂಗಿ ಹಾಕಿ, ಬದಲಿ ಆಟಗಾರರನ್ನು ಗೇಮ್‌ನ ಆಟೋಗೆ ಬಿಟ್ಟರೆ ಎರಡನೇ ಕ್ವಾರ್ಟರ್‌ನಲ್ಲಿ ನಿಮ್ಮ ಝೋನ್ ಬೇರೆಯದೇ ಆಗಿರುತ್ತದೆ.

6. ಮ್ಯಾಚ್ ನಡೆಯುವಾಗ ಬದಲಿಸಬಹುದಾದರೆ

ಎಲ್ಲ ಗೇಮ್‌ನಲ್ಲಿ ಈ ಅವಕಾಶ ಇಲ್ಲ. ಇದ್ದರೆ ಎರಡು ವಿಷಯ.

ಹಿಂದೆ ಬಿದ್ದಿದ್ದೀರಿ, ಕೊನೇ ಮೂರು-ನಾಲ್ಕು ನಿಮಿಷ ಉಳಿದಿದೆ ಅಂದರೆ ಝೋನ್ ಬಿಡಿ. ಎದುರಾಳಿ ಹೊರಗಡೆ ಪಾಸ್ ಮಾಡಿಕೊಂಡು 24 ಸೆಕೆಂಡ್ ಪೂರ್ತಿ ಕಳೆಯುತ್ತಾರೆ, ಝೋನ್ ಅವರನ್ನು ಹೊರಗೆ ಬಂದು ಒತ್ತುವುದಿಲ್ಲ. ಮ್ಯಾನ್ ಟು ಮ್ಯಾನ್ ಅಥವಾ ಪ್ರೆಸ್‌ಗೆ ಹೋಗಿ. ಪ್ರೆಸ್ ಅಂದರೆ ಎದುರಾಳಿಯ ಅರ್ಧ ಕೋರ್ಟ್‌ನಿಂದಲೇ ಒತ್ತಡ ಹಾಕುವುದು.

ನಿಮ್ಮ ಮುಖ್ಯ ಆಟಗಾರನಿಗೆ ಮೊದಲರ್ಧದಲ್ಲೇ ಮೂರು ಫೌಲ್ ಆಗಿದ್ದರೆ, ಅಥವಾ ಬೆಂಚ್ ತೆಳುವಾಗಿದ್ದು ಎಲ್ಲರೂ ಸುಸ್ತಾಗಿದ್ದರೆ, ಝೋನ್‌ಗೆ ಬರಲು ಅದೇ ಸರಿಯಾದ ಸಮಯ. ಜಾಗ ಕಾಯುವುದು ಆಳಿನ ಹಿಂದೆ ಓಡುವಷ್ಟು ದಣಿಸುವುದಿಲ್ಲ.

7. ಮ್ಯಾಚ್ ಮುಗಿದ ಮೇಲೆ ಗೆಲುವು-ಸೋಲು ಬಿಟ್ಟು ಅಂಕಿ ನೋಡಿ

2-3 ಹಾಕಿದ್ದಿರಿ ಅಂತ ಇಟ್ಟುಕೊಳ್ಳಿ. ಎದುರಾಳಿಯ ತ್ರೀ ಪಾಯಿಂಟರ್ ಪ್ರಯತ್ನ ಜಾಸ್ತಿ ಆಯಿತಾ? ಎರಡಂಕದ ಶಾಟ್‌ನ ಶೇಕಡಾವಾರು ಇಳಿಯಿತಾ? ಎರಡಕ್ಕೂ ಹೌದು ಅಂದರೆ ಝೋನ್ ಕೆಲಸ ಮಾಡಿದೆ. ಸೋತಿದ್ದರೂ ಮಾಡಿದೆ. ಸಾಧಾರಣ ಶೂಟರ್‌ಗಳು ಅವತ್ತೊಂದು ದಿನ ಶೇ 50 ಹಾಕಿ ಸೋಲಿಸಿದ್ದರೆ ಝೋನ್ ಬದಲಿಸುವ ಅಗತ್ಯ ಇಲ್ಲ. ಒಂದು ಸೋಲಿಗೆ ಹೆದರಿ ಒಳ್ಳೆಯ ಯೋಜನೆ ಕೈಬಿಡುವವರನ್ನು ನೋಡಿದರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ.

ತ್ರೀ ಪಾಯಿಂಟರ್ ಜಾಸ್ತಿಯಾಗಿ, ಎರಡಂಕದ ಶಾಟ್ ಕೂಡ ಮೊದಲಿನಷ್ಟೇ ಬಿದ್ದಿದ್ದರೆ ಒಳಗಿನ ಮೂವರಲ್ಲಿ ಯಾರೋ ಸೋರುತ್ತಿದ್ದಾರೆ. ಎದುರಾಳಿಯ ಯಾವ ಜಾಗದ ಆಟಗಾರ ಜಾಸ್ತಿ ಅಂಕ ಗಳಿಸಿದ ನೋಡಿದರೆ ಆ ತೂತು ಸಿಗುತ್ತದೆ. ಮುಂದಿನ ಮ್ಯಾಚ್‌ಗೆ ಆ ಒಬ್ಬನನ್ನು ಮಾತ್ರ ಬದಲಿಸಿ. ಝೋನ್, ಆಫೆನ್ಸ್, ಲೈನಪ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದೇ ಇಲ್ಲ.

ಹೊಸ ಝೋನ್ ಅನ್ನು ಮೊದಲ ಸಲ ಲೀಗ್ ಮ್ಯಾಚ್‌ನಲ್ಲಿ ಪ್ರಯತ್ನಿಸಬೇಡಿ. ಫ್ರೆಂಡ್ಲಿ ಮ್ಯಾಚ್ ಸಿಗುವ ಗೇಮ್ ಆಗಿದ್ದರೆ, ನಿಮ್ಮ ಮುಂದಿನ ಎದುರಾಳಿಯ ಥರವೇ ಆಡುವ ತಂಡ ಹುಡುಕಿ, ಅದೇ ಐವರನ್ನು ಹಾಕಿ ಆಡಿಸಿ. ಮುಗಿದ ಮೇಲೆ ತ್ರೀ ಪಾಯಿಂಟರ್ ಪ್ರಯತ್ನ, ಎರಡಂಕದ ಶೇಕಡಾವಾರು, ಆಫೆನ್ಸಿವ್ ರಿಬೌಂಡ್, ಈ ಮೂರನ್ನು ಹಾಳೆಯಲ್ಲಿ ಬರೆದಿಡಿ. ಲೀಗ್ ಮ್ಯಾಚ್ ಆರ್ಡರ್ ಹಾಕುವಾಗ ಅದು ಪಕ್ಕದಲ್ಲಿರಲಿ.